ಪಿಸ್ತೂಲು ಅಂಗೈಗೆ ಕೂರಬೇಕು

(ಕೊಡಗಿನ ಗೋಣಿಕೊಪ್ಪದಲ್ಲಿ, ಹೊಸದಾಗಿ ಪಿಸ್ತೂಲ್ ಶೂಟಿಂಗ್ ಕಲಿಯುತ್ತಿರುವವರು ಮತ್ತು ಅವರ ಮನೆಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಕೋವಿ ಹಿಡಿಯುವುದು ನಿಮ್ಮಲ್ಲಿ ಹೆಚ್ಚಿನವರಿಗೆ ಹೊಸದಲ್ಲ. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡುತ್ತಲೇ ಬೆಳೆದವರು ನೀವು. ತೆಂಗಿನಕಾಯಿಗೆ ಈಡು ಹೊಡೆಯುವ ಸ್ಪರ್ಧೆಯಲ್ಲಿ ಗೆದ್ದವರೂ ಇಲ್ಲಿ ಕುಳಿತಿದ್ದೀರಿ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಷ್ಟೆಲ್ಲ ಇರುವ ನಾಡಿನಲ್ಲಿ ಪಿಸ್ತೂಲು ಕಲಿಯಲು ಬರುವ ಹುಡುಗ ಹುಡುಗಿಯರು ಮೊದಲ ದಿನವೇ ಕೇಳುವ ಪ್ರಶ್ನೆ, ‘ಯಾವ ಕಂಪನಿಯದು ತಗೊಳ್ಳಲಿ ಸರ್?’ ಎಂದು. ಹಿಡಿಯುವುದು ಹೇಗೆ ಎಂದು ಕೇಳುವವರು ಕಡಿಮೆ. ಅದು ಗೊತ್ತಿರುವ ವಿಷಯ ಎಂದೇ ಎಲ್ಲರೂ ಅಂದುಕೊಂಡಿರುತ್ತಾರೆ.

ಒಂಟಿ ನಳಿಗೆಯಾಗಲಿ ಜೋಡಿ ನಳಿಗೆಯಾಗಲಿ, ಕೋವಿಯನ್ನು ಎತ್ತಿದಾಗ ಅದಕ್ಕೆ ನಾಲ್ಕು ಕಡೆ ಆಸರೆ ಸಿಗುತ್ತದೆ. ಭುಜ, ಕೆನ್ನೆ, ಎಡಗೈ, ಬಲಗೈ. ಒಂದು ಸ್ವಲ್ಪ ತಪ್ಪಿದರೆ ಉಳಿದ ಮೂರು ಸರಿದೂಗಿಸಿಕೊಂಡು ಹೋಗುತ್ತವೆ. ಗಾಳಿಯ ಒತ್ತಡದಿಂದ ಪೆಲೆಟ್ ಎಂಬ ಸಣ್ಣ ಗುಂಡನ್ನು ಹಾರಿಸುವ 10 ಮೀಟರ್ ಏರ್ ಪಿಸ್ತೂಲಿಗೆ ಇರುವುದು ಒಂದೇ ಕೈ. ಇನ್ನೊಂದು ಕೈ ಮುಟ್ಟುವಂತಿಲ್ಲ, ಮಣಿಕಟ್ಟಿಗೆ ಯಾವ ಆಸರೆಯನ್ನೂ ಕೊಡುವಂತಿಲ್ಲ. ಒಂದು ಕಿಲೋ ಆಸುಪಾಸಿನ ತೂಕವನ್ನು ಚಾಚಿದ ತೋಳಿನ ತುದಿಯಲ್ಲಿ ಹಿಡಿದು, 75 ನಿಮಿಷದೊಳಗೆ 60 ಈಡು ಮುಗಿಸಬೇಕು. ಅಷ್ಟು ಹೊತ್ತೂ ಪಿಸ್ತೂಲಿಗೂ ನಿಮಗೂ ಇರುವ ಸಂಬಂಧ ಅಂಗೈಯಷ್ಟು ಜಾಗದ್ದು. ಆ ಜಾಗದಲ್ಲಿ ಏನಾಗುತ್ತದೆ ಎಂಬುದನ್ನೇ ಇವತ್ತು ಮಾತಾಡೋಣ.

ಮೊದಲು ಒಂದು ಲೆಕ್ಕ. ಸೈಟ್ ಎಂದರೆ ಗುರಿ ನೋಡಲು ಪಿಸ್ತೂಲಿನ ಮೇಲೆ ಇರುವ ಗುರುತು, ಮುಂದೊಂದು ಹಿಂದೊಂದು. ಹಿಂದಿನದರಲ್ಲಿ ಒಂದು ಕಚ್ಚು ಇರುತ್ತದೆ, ಅದರ ನಡುವೆ ಮುಂದಿನದು ಕಾಣಬೇಕು. ಏರ್ ಪಿಸ್ತೂಲಿನ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ ಸುಮಾರು 33 ಸೆಂಟಿಮೀಟರ್ ಅಂತರ ಇದೆ ಎಂದಿಟ್ಟುಕೊಳ್ಳಿ. ಗುರಿ ಇರುವುದು 10 ಮೀಟರ್ ದೂರದಲ್ಲಿ, ಅಂದರೆ ಅದರ 30 ಪಟ್ಟು. ಈಗ ಎರಡು ಬಗೆಯ ತಪ್ಪನ್ನು ನೋಡಿ. ಎರಡೂ ಸೈಟ್ ಒಂದಕ್ಕೊಂದು ಸರಿಯಾಗಿ ಕೂತಿದ್ದು, ಇಡೀ ತೋಳು ಒಂದು ಮಿಲಿಮೀಟರ್ ಬಲಕ್ಕೆ ಸರಿದರೆ ಪೆಲೆಟ್ಟೂ ಒಂದು ಮಿಲಿಮೀಟರ್ ಬಲಕ್ಕೆ ಬೀಳುತ್ತದೆ. ಅದು ಲೆಕ್ಕಕ್ಕೇ ಇಲ್ಲ. ಆದರೆ ಮಣಿಕಟ್ಟು ತಿರುಗಿ ಮುಂದಿನ ಸೈಟು ಹಿಂದಿನದರ ಕಚ್ಚಿನೊಳಗೆ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುರಿಯ ಮೇಲೆ ಅದು 30 ಮಿಲಿಮೀಟರ್ ಆಗುತ್ತದೆ. ಗುರಿಯ ನಡುವಿನ, ಹತ್ತು ಅಂಕ ಕೊಡುವ ವೃತ್ತದ ಅಡ್ಡಳತೆಯೇ 11.5 ಮಿಲಿಮೀಟರ್. ಹತ್ತು ಬೀಳಬೇಕಾದ ಕಡೆ ಏಳು ಬೀಳುತ್ತದೆ. ತೋಳಿನ ನಡುಕಕ್ಕೆ ಹೆದರಿ ಮನೆಯಲ್ಲಿ ನೀರು ತುಂಬಿದ ಬಾಟಲಿ ಹಿಡಿದು ನಿಲ್ಲುತ್ತೀರಲ್ಲ, ಬೇಡ ಎನ್ನುವುದಿಲ್ಲ, ತೋಳಿಗೆ ಬಲ ಬೇಕೇ ಬೇಕು. ಆದರೆ ಅಂಕ ಸೋರಿಹೋಗುವುದು ಹೆಚ್ಚಾಗಿ ಮಣಿಕಟ್ಟಿನಲ್ಲಿ, ಬೆರಳುಗಳಲ್ಲಿ. ಮಣಿಕಟ್ಟು ಯಾಕೆ ತಿರುಗುತ್ತದೆ ಎಂದರೆ ಹಿಡಿತ ಸರಿಯಿಲ್ಲದ್ದಕ್ಕೆ.

ಇಲ್ಲಿ ನಮ್ಮ ಕಡೆಯವರಿಗೇ ಇರುವ ಒಂದು ತೊಡಕನ್ನು ಹೇಳಬೇಕು. ನಮ್ಮ ಮದುವೆಯಲ್ಲಿ ಶಾಸ್ತ್ರಕ್ಕೆಂದು ಕತ್ತಿಯಿಂದ ಬಾಳೆ ದಿಂಡು ಕಡಿಯುವವರನ್ನು ನೋಡಿದ್ದೀರಿ. ಕತ್ತಿ ಬಾಳೆಗೆ ತಗಲುವ ಕ್ಷಣಕ್ಕೆ ಐದೂ ಬೆರಳು ಒಟ್ಟಿಗೆ ಬಿಗಿಯಾಗುತ್ತವೆ. ಕತ್ತಿಗೆ ಅದು ಬೇಕು, ಇಲ್ಲದಿದ್ದರೆ ಬಾಳೆ ಒಂದೇ ಏಟಿಗೆ ಬೀಳುವುದಿಲ್ಲ. ತೋಟದಲ್ಲಿ ದಿನವಿಡೀ ಕತ್ತಿ ಹಿಡಿಯುವ ಕೈಗೂ ಇದೇ ಅಭ್ಯಾಸ. ಆ ಕೈ ಪಿಸ್ತೂಲು ಹಿಡಿದಾಗಲೂ ಈಡು ಹೊಡೆಯುವ ಕ್ಷಣಕ್ಕೆ ತಾನಾಗಿ ಮುಷ್ಟಿ ಬಿಗಿ ಮಾಡುತ್ತದೆ. ಬಲಗೈಯವರಾದರೆ ಪೆಲೆಟ್ ಕೆಳಗೆ ಎಡಕ್ಕೆ ಹೋಗಿ ಕೂರುತ್ತದೆ. ಆಮೇಲೆ ಸೈಟಿನ ತಿರುಪು ತಿರುಗಿಸುತ್ತಾ ಕೂರುತ್ತಾರೆ. ಸೈಟಿನದೇನೂ ತಪ್ಪಿರುವುದಿಲ್ಲ.

ಈಗ ಎಲ್ಲರೂ ಬಲಗೈ ಮುಂದೆ ಚಾಚಿ. ಎಡಚರು ಎಡಗೈ ಚಾಚಿ. ನಡುಬೆರಳು, ಉಂಗುರಬೆರಳು, ಕಿರುಬೆರಳು ಮೂರನ್ನೂ ಏನೋ ಹಿಡಿದಿರುವಂತೆ ಮಡಚಿ. ತೋರುಬೆರಳು ನೆಟ್ಟಗಿರಲಿ. ಈಗ ತೋರುಬೆರಳನ್ನು ಥಟ್ಟನೆ ಒಳಕ್ಕೆ ಎಳೆಯಿರಿ. ಉಳಿದ ಬೆರಳುಗಳು ಏನು ಮಾಡಿದವು? ಅಲುಗಿದವು, ಅಲ್ಲವೇ? ಇನ್ನೊಮ್ಮೆ ಮಾಡಿ, ಈ ಸಲ ನಿಧಾನವಾಗಿ, ತೋರುಬೆರಳಿನ ಮೊದಲ ಎರಡು ಗೆಣ್ಣು ಮಾತ್ರ ಮಡಚುವಂತೆ. ಈಗ ಅಲುಗಾಟ ತುಂಬ ಕಡಿಮೆಯಾಯಿತು. ಪಿಸ್ತೂಲ್ ಹಿಡಿತದ ಕೆಲಸ ಇದೇ. ಮೂರು ಬೆರಳು ಒಂದು ಕೆಲಸ, ತೋರುಬೆರಳು ಬೇರೆಯೇ ಕೆಲಸ. ಒಂದೇ ಕೈಯಲ್ಲಿ ಎರಡನ್ನೂ ನಡೆಸುವುದನ್ನು ಕಲಿಯಬೇಕು.

ಇನ್ನು ಪಿಸ್ತೂಲನ್ನು ಕೈಗೆ ಕೂರಿಸುವ ಕ್ರಮ. ಬಲಗೈಯಿಂದ ಮೇಜಿನ ಮೇಲಿನ ಪಿಸ್ತೂಲನ್ನು ಸೀದಾ ಎತ್ತಿಕೊಳ್ಳಬೇಡಿ. ನಳಿಗೆ ಗುರಿಯ ಕಡೆಗೇ ಇರುವಂತೆ ಎಡಗೈಯಿಂದ ಅದನ್ನು ಎತ್ತಿ, ಬಲಗೈಗೆ ಕೂರಿಸಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಇದೆಯಲ್ಲ, ಅದು ಹಿಡಿಯ ಹಿಂಬದಿಯಲ್ಲಿ ಎಷ್ಟು ಮೇಲೆ ಹೋಗಲು ಸಾಧ್ಯವೋ ಅಷ್ಟು ಮೇಲೆ, ಒತ್ತಿ ಕೂರಬೇಕು. ಕೈ ಕೆಳಗೆ ಉಳಿದಷ್ಟೂ ನಳಿಗೆ ಕೈಗಿಂತ ಎತ್ತರಕ್ಕೆ ಹೋಗುತ್ತದೆ, ಮಣಿಕಟ್ಟಿಗೆ ಕೆಲಸ ಹೆಚ್ಚುತ್ತದೆ. ಕವಲು ಕೂತ ಮೇಲೆ ನಡುಬೆರಳನ್ನು ಟ್ರಿಗರ್ ಗಾರ್ಡಿನ, ಅಂದರೆ ಟ್ರಿಗರನ್ನು ಸುತ್ತುವರಿದ ಬಳೆಯ ಅಡಿಗೆ ತಾಗಿಸಿ ಸುತ್ತಿ. ಹಿಡಿತದ ಮುಖ್ಯ ಬಲ ಈ ಬೆರಳಿನದ್ದು. ಅದು ನೇರವಾಗಿ ಹಿಂದಕ್ಕೆ, ಅಂಗೈ ಕಡೆಗೆ ಎಳೆಯಬೇಕು, ಪಕ್ಕಕ್ಕೆ ಹಿಂಡಬಾರದು. ಉಂಗುರಬೆರಳು ಅದಕ್ಕೆ ಜೊತೆಗಾರ. ಕಿರುಬೆರಳು ಸುಮ್ಮನೆ ಒರಗಿರಲಿ. ಅದನ್ನು ಒತ್ತಿದರೆ ನಳಿಗೆಯ ಮೂತಿ ಕೆಳಗಿಳಿಯುತ್ತದೆ. ಹೆಬ್ಬೆರಳು ತನ್ನ ಜಾಗದಲ್ಲಿ ಮಲಗಿರಬೇಕು ಅಷ್ಟೆ, ಅದು ಒತ್ತಿದರೆ ಪಿಸ್ತೂಲು ಪಕ್ಕಕ್ಕೆ ಹೋಗುತ್ತದೆ.

ತೋರುಬೆರಳಿನ ವಿಷಯದಲ್ಲಿ ಎರಡು ಮಾತು. ಗುರಿಗೆ ಎದುರಾಗಿ ಈಡು ಹೊಡೆಯುವ ತನಕ ಅದು ಟ್ರಿಗರ್ ಗಾರ್ಡಿನ ಹೊರಗೇ ಇರಬೇಕು. ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ, ಖಾಲಿ ಪಿಸ್ತೂಲಾದರೂ ಅಷ್ಟೇ. ಒಳಗೆ ಹೋದ ಮೇಲೆ ಮೊದಲ ಗೆಣ್ಣಿನ ಮುಂದಿನ ಮೆತ್ತನೆಯ ಭಾಗ ಮಾತ್ರ ಟ್ರಿಗರಿಗೆ ತಗಲಬೇಕು. ಬೆರಳಿನ ಬುಡ ಹಿಡಿಯ ಮರವನ್ನು ಮುಟ್ಟದೆ, ನಡುವೆ ಸ್ವಲ್ಪ ಸಂದು ಕಾಣಬೇಕು. ಮರಕ್ಕೆ ಒರಗಿದ ಬೆರಳು ಟ್ರಿಗರನ್ನು ಎಳೆಯುವಾಗ ಮರವನ್ನೂ ತಳ್ಳುತ್ತದೆ. ಟ್ರಿಗರ್ ಕನಿಷ್ಠ 500 ಗ್ರಾಂ ತಡೆಯಬೇಕು ಎಂಬುದು ನಿಯಮ. ಪಿಸ್ತೂಲಿನ ತೂಕದ ಅರ್ಧದಷ್ಟು ಒತ್ತಡವನ್ನು ಒಂದು ಬೆರಳಿನ ತುದಿ ಹಾಕುತ್ತಿದೆ ಎಂದರೆ ಅದು ಯಾವ ದಿಕ್ಕಿಗೆ ಹಾಕುತ್ತದೆ ಎಂಬುದು ಸಣ್ಣ ವಿಷಯವಲ್ಲ.

ಎಷ್ಟು ಬಿಗಿ ಹಿಡಿಯಬೇಕು ಎಂದು ಎಲ್ಲರೂ ಕೇಳುತ್ತೀರಿ. ಗ್ರಾಂ ಲೆಕ್ಕದಲ್ಲಿ ಉತ್ತರ ಇಲ್ಲ, ಆದರೆ ಕಂಡುಕೊಳ್ಳುವ ದಾರಿ ಇದೆ. ಪಿಸ್ತೂಲನ್ನು ಗುರಿಗೆ ಎತ್ತಿ ಹಿಡಿದು ಮುಷ್ಟಿಯನ್ನು ನಿಧಾನವಾಗಿ ಬಿಗಿ ಮಾಡುತ್ತಾ ಹೋಗಿ. ಒಂದು ಹಂತದಲ್ಲಿ ಮುಂದಿನ ಸೈಟು ಸಣ್ಣಗೆ, ವೇಗವಾಗಿ ನಡುಗಲು ಶುರುವಾಗುತ್ತದೆ. ಅಲ್ಲಿಂದ ಸಡಿಲಿಸುತ್ತಾ ಬನ್ನಿ. ಆ ನಡುಕ ನಿಂತ ಜಾಗವೇ ನಿಮ್ಮ ಬಿಗಿ. ಅದು ನಿಮ್ಮ ಅಣ್ಣನದ್ದಕ್ಕಿಂತ ಬೇರೆ ಇರಬಹುದು, ಬೆಳಿಗ್ಗೆಗೂ ಸಂಜೆಗೂ ಸ್ವಲ್ಪ ಬೇರೆ ಇರಬಹುದು. ಮುಖ್ಯವಾದದ್ದು, ಈಡಿನ ಆರಂಭದಲ್ಲಿ ಇದ್ದ ಬಿಗಿ ಪೆಲೆಟ್ ನಳಿಗೆ ಬಿಟ್ಟು ಹೋಗುವ ತನಕ, ಹೋದ ಮೇಲೂ ಒಂದೆರಡು ಸೆಕೆಂಡು ಬದಲಾಗದೆ ಇರುವುದು. ಸಡಿಲ ಹಿಡಿತದಲ್ಲೂ ಒಳ್ಳೆಯ ಅಂಕ ತೆಗೆಯುವವರನ್ನು ನೋಡಿದ್ದೇನೆ. ಬದಲಾಗುವ ಹಿಡಿತದಲ್ಲಿ ತೆಗೆದವರನ್ನು ನೋಡಿಲ್ಲ.

ಇನ್ನು ನಾನು ಅತಿ ಮುಖ್ಯ ಎಂದುಕೊಂಡಿರುವ ಪರೀಕ್ಷೆ. ಹಿಡಿತ ಕೂರಿಸಿ, ಗುರಿಗೆ ಎತ್ತಿ, ಕಣ್ಣು ಮುಚ್ಚಿ. ಒಂದೆರಡು ಉಸಿರು ಬಿಡಿ, ತೋಳು ತಾನಾಗಿ ನಿಲ್ಲಲಿ. ಈಗ ಕಣ್ಣು ಬಿಟ್ಟು ಸೈಟನ್ನು ನೋಡಿ. ಮುಂದಿನ ಸೈಟು ಹಿಂದಿನದರ ಕಚ್ಚಿನ ನಡುವೆ, ಎರಡು ಕಡೆ ಸಮನಾದ ಬೆಳಕು ಬಿಟ್ಟುಕೊಂಡು, ತಲೆ ಸಮಕ್ಕೆ ಸಮ ಇದ್ದರೆ ಹಿಡಿತ ನಿಮ್ಮದಾಗಿದೆ. ಮುಂದಿನ ಸೈಟು ಎಡಕ್ಕೆ ಹೋಗಿದ್ದರೆ ಹಿಡಿಯೊಳಗೆ ಕೈ ತಿರುಗಿ ಕೂತಿದೆ. ಮೇಲೆದ್ದಿದ್ದರೆ ಹಿಡಿಯ ಕೋನ ನಿಮ್ಮ ಮಣಿಕಟ್ಟಿಗೆ ಹೊಂದುತ್ತಿಲ್ಲ. ಸೈಟುಗಳು ಸರಿಯಾಗಿದ್ದು ಇಡೀ ಪಿಸ್ತೂಲೇ ಗುರಿಯ ಪಕ್ಕಕ್ಕೆ ಇದ್ದರೆ ಅದು ಹಿಡಿತದ ದೋಷವಲ್ಲ, ಹಿಂದಿನ ಕಾಲನ್ನು ಸ್ವಲ್ಪ ಸರಿಸಿ ನಿಂತರೆ ಸಾಕು. ಹೊಸಬರು ಇವೆರಡನ್ನು ಬೆರೆಸಿಬಿಡುತ್ತಾರೆ. ಕಾಲು ಸರಿಸಬೇಕಾದ ಕಡೆ ಮಣಿಕಟ್ಟು ತಿರುಗಿಸುತ್ತಾರೆ, ಮೊದಲ ಹತ್ತು ಈಡು ಚೆನ್ನಾಗಿ ಬೀಳುತ್ತವೆ, ನಲವತ್ತನೆಯದಕ್ಕೆ ಮಣಿಕಟ್ಟು ಸೋಲುತ್ತದೆ.

ಹಾಗಾಗಿ ಕೈಗೆ ತೆಗೆದುಕೊಂಡ ಕೂಡಲೇ ಹಿತವಾಗಿರುವ ಹಿಡಿಯನ್ನು ಪೂರ್ತಿ ನಂಬಬೇಡಿ. ಅಂಗಡಿಯಲ್ಲಿ ದುಂಡಗೆ, ನುಣ್ಣಗೆ, ಕೈತುಂಬ ಅನಿಸಿದ್ದು ಐವತ್ತನೆಯ ಈಡಿನ ಹೊತ್ತಿಗೆ ಒಳಗೆ ಜಾರುತ್ತಿರುತ್ತದೆ. ಸರಿಯಾಗಿ ಕೂರುವ ಹಿಡಿ ಮೊದಮೊದಲು ಸ್ವಲ್ಪ ಒರಟಾಗಿ, ಎಲ್ಲ ಕಡೆಯಿಂದಲೂ ಹಿಡಿದುಕೊಂಡಂತೆ ಅನಿಸಬಹುದು. ಯಾವ ಮೂಲೆಯಲ್ಲೂ ಚುಚ್ಚದೆ, ಪ್ರತಿ ಸಲವೂ ಅದೇ ಜಾಗಕ್ಕೆ ಕೈಯನ್ನು ಕರೆದುಕೊಂಡು ಹೋದರೆ ಅದೇ ನಿಮ್ಮದು.

ಹಿಡಿ ಕೂರದಿದ್ದರೆ ಏನು ಮಾಡಬೇಕು? ನನ್ನ ಉತ್ತರ ಸ್ಪಷ್ಟ. ಕೈಯನ್ನು ಹಿಡಿಗೆ ಒಗ್ಗಿಸಲು ಹೋಗಬೇಡಿ, ಹಿಡಿಯನ್ನು ಕೈಗೆ ಒಗ್ಗಿಸಿ. ನಮ್ಮಲ್ಲಿ ಕಲಿಯುತ್ತಿದ್ದ ಒಬ್ಬಳು ಹುಡುಗಿಯ ಉದಾಹರಣೆ ಹೇಳುತ್ತೇನೆ. ಕೈ ಚಿಕ್ಕದು, ಕೊಟ್ಟಿದ್ದು ಮಧ್ಯಮ ಅಳತೆಯ ಹಿಡಿ. ಟ್ರಿಗರ್ ಮುಟ್ಟಲು ಅವಳು ಇಡೀ ಕೈಯನ್ನೇ ಬಲಕ್ಕೆ ತಿರುಗಿಸಿಕೊಳ್ಳುತ್ತಿದ್ದಳು. ಆಗ ಕವಲು ಹಿಂಬದಿಯ ನಡುವೆ ಕೂರುತ್ತಿರಲಿಲ್ಲ, ನಳಿಗೆ ತೋಳಿನ ಗೆರೆಯಲ್ಲಿ ಇರುತ್ತಿರಲಿಲ್ಲ. ಅವಳಿಗೆ ಗಮನ ಸಾಲದು ಎಂದು ಮನೆಯವರು ಬೈಯುತ್ತಿದ್ದರು. ಚಿಕ್ಕ ಅಳತೆಯ ಹಿಡಿ ಹಾಕಿ, ಟ್ರಿಗರಿನ ನಾಲಗೆಯನ್ನು ಹಿಂದಕ್ಕೆ ಸರಿಸಿದೆವು. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಅದನ್ನು ಮುಂದೆ ಹಿಂದೆ ಸರಿಸಲು ಅವಕಾಶ ಇರುತ್ತದೆ. ಈಡುಗಳು ಅದೇ ಮಧ್ಯಾಹ್ನ ಒಂದು ಕಡೆ ಬೀಳತೊಡಗಿದವು. ಆ ಮಗುವಿನ ಗಮನಕ್ಕೆ ಏನೂ ಆಗಿರಲಿಲ್ಲ.

ಎಲ್ಲಿ ಕೂರುತ್ತಿಲ್ಲ ಎಂದು ತಿಳಿಯಲು ಸುಲಭದ ಉಪಾಯ ಇದೆ. ಸೀಮೆಸುಣ್ಣದ ಪುಡಿಯನ್ನು ಹಿಡಿಯ ಮೇಲೆಲ್ಲ ತೆಳ್ಳಗೆ ಸವರಿ, ಎಂದಿನಂತೆ ಹಿಡಿದು, ಎತ್ತಿ, ಇಳಿಸಿ, ಕೈ ತೆಗೆದು ಅಂಗೈ ನೋಡಿ. ಪುಡಿ ದಟ್ಟವಾಗಿ ಅಂಟಿದ ಕಡೆ ಒತ್ತಡ ಹೆಚ್ಚು, ಏನೂ ಅಂಟದ ಕಡೆ ಪೊಳ್ಳು. ಸಾಮಾನ್ಯವಾಗಿ ಪೊಳ್ಳು ಸಿಗುವುದು ಅಂಗೈಯ ಗುಳಿಯಲ್ಲಿ. ಹೆಬ್ಬೆರಳಿನ ಬುಡದ ಉಬ್ಬಿನ ಮೇಲೆ ಪುಡಿ ಗಾಢವಾಗಿ ಕೂತಿರುತ್ತದೆ. ಒತ್ತುವ ಕಡೆ ಉಪ್ಪುಕಾಗದದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ. ಪೊಳ್ಳು ಇರುವ ಕಡೆ ಮರಕ್ಕೆ ಹಾಕುವ ಪುಟ್ಟಿಯನ್ನೋ ಎಂ-ಸೀಲನ್ನೋ ತುಂಬಿ, ಗಟ್ಟಿಯಾದ ಮೇಲೆ ಉಜ್ಜಿ ಹದ ಮಾಡಿ. ಉಜ್ಜಿ ತೆಗೆದ ಮರ ವಾಪಸು ಬರುವುದಿಲ್ಲ, ಆದ್ದರಿಂದ ಮೊದಲು ತುಂಬುವುದು, ಆಮೇಲೆ ತೆಗೆಯುವುದು. ಒಂದು ದಿನಕ್ಕೆ ಒಂದೇ ಜಾಗ ಮುಟ್ಟಿ. ಎರಡು ಕಡೆ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂಬುದೇ ಗೊತ್ತಾಗುವುದಿಲ್ಲ.

ಹಿಡಿಯ ಬುಡದಲ್ಲಿ, ಅಂಗೈ ಕೆಳಗೆ ಆಸರೆಗೆ ಇರುವ ಹಲಗೆಯನ್ನು ಮೇಲೆ ಕೆಳಗೆ ಸರಿಸಬಹುದು. ಕೈ ಅದರ ಮೇಲೆ ಕೂರಬೇಕು, ಅದರಡಿ ಸಿಕ್ಕಿಹಾಕಿಕೊಳ್ಳಬಾರದು. ತುಂಬ ಬಿಗಿ ಮಾಡಿಕೊಂಡವರ ಕಿರುಬೆರಳು ಅರ್ಧ ಗಂಟೆಯಲ್ಲಿ ಜೋಮು ಹಿಡಿಯುತ್ತದೆ. ಕೆತ್ತನೆ ಮಾಡುವವರು ನಿಯಮವನ್ನೂ ನೆನಪಿಡಬೇಕು. ಆ ಹಲಗೆ ಹಿಡಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಇರುವಂತಿಲ್ಲ, ಅಂಚು ಮೇಲಕ್ಕೆ ಬಾಗಿ ಕೈಯನ್ನು ಅಪ್ಪಿಕೊಳ್ಳುವಂತಿಲ್ಲ. ಪಿಸ್ತೂಲು ಒಟ್ಟಾಗಿ 420, 200, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಹಿಡಿಸಬೇಕು. ಪುಟ್ಟಿ ಮೆತ್ತಿ ಮೆತ್ತಿ ಅಗಲ 50 ದಾಟಿದರೆ ತಪಾಸಣೆಯಲ್ಲೇ ಹಿಂದಕ್ಕೆ ಕಳಿಸುತ್ತಾರೆ. 50 ಮೀಟರ್ ಪಿಸ್ತೂಲಿನಲ್ಲಿ ಮಾತ್ರ ಹಿಡಿ ಕೈಯನ್ನು ಪೂರ್ತಿ ಸುತ್ತುವರಿಯಬಹುದು, ಮಣಿಕಟ್ಟು ಬಿಡುವಾಗಿದ್ದರೆ ಆಯಿತು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೋ ಒಲಿಂಪಿಕ್ಸಿನಲ್ಲಿ ಆಡಿದ್ದು ಅದೇ ಸ್ಪರ್ಧೆ. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ 10 ಮೀಟರಿನಲ್ಲಿ ಬೆಳ್ಳಿ ಗೆದ್ದವರೂ ಅವರೇ. ರಿಯೋ ನಂತರ 50 ಮೀಟರ್ ಪಿಸ್ತೂಲನ್ನು ಒಲಿಂಪಿಕ್ಸಿನಿಂದ ತೆಗೆದುಬಿಟ್ಟರು. ಬಹಳ ಚಂದದ ಸ್ಪರ್ಧೆ ಅದು, ನನಗೆ ಈಗಲೂ ಬೇಸರವಿದೆ.

ನಮ್ಮ ಹವೆಯ ಬಗ್ಗೆ ಹೇಳದಿದ್ದರೆ ಈ ಮಾತು ಪೂರ್ತಿಯಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಗೋಡೆಯೇ ಬೆವರುತ್ತದೆ, ಮರದ ಹಿಡಿ ಹೀರಿಕೊಳ್ಳದೆ ಇರುತ್ತದೆಯೇ? ಮಳೆಗಾಲದಲ್ಲಿ ಸ್ವಲ್ಪ ಉಬ್ಬುತ್ತದೆ, ಬೇಸಿಗೆಗೆ ಇಳಿಯುತ್ತದೆ. ಹಾಗಾಗಿ ಜುಲೈಯಲ್ಲಿ ಬಿಗಿ ಅನಿಸಿತೆಂದು ಉಪ್ಪುಕಾಗದ ಎತ್ತಿಕೊಳ್ಳಬೇಡಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಅಭ್ಯಾಸ ಮುಗಿದ ಮೇಲೆ ಹಿಡಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಗಾಳಿಗೆ ಬಿಟ್ಟು ಆಮೇಲೆ ಒಳಗಿಡಿ. ಬೆವರುವ ಕೈಗೆ ಹಿಡಿಯ ಮೇಲ್ಮೈ ಒರಟಾಗಿರುವುದು ಒಳ್ಳೆಯದು. ವಾರ್ನಿಷ್ ಹಚ್ಚಿ ಮಿಂಚಿಸಿದ ಹಿಡಿ ನೋಡಲು ಚೆಂದ, ಕೈಯಲ್ಲಿ ಮಾತ್ರ ನಿಲ್ಲುವುದಿಲ್ಲ. ಡಿಸೆಂಬರ್, ಜನವರಿಯ ಬೆಳಿಗ್ಗೆ ಇದರ ತದ್ವಿರುದ್ಧ. ತಣ್ಣಗಿನ ಬೆರಳಿಗೆ ಟ್ರಿಗರಿನ ಒತ್ತಡ ಗೊತ್ತೇ ಆಗುವುದಿಲ್ಲ, ಚಳಿಗೆ ಕೈಯೂ ಸ್ವಲ್ಪ ಕುಗ್ಗಿ ಹಿಡಿ ಸಡಿಲ ಅನಿಸುತ್ತದೆ. ಕೈ ಬೆಚ್ಚಗಾದ ಮೇಲೆಯೇ ಶುರು ಮಾಡಿ. ತೋಟದ ಕೆಲಸ ಮಾಡಿ ಕೈ ದಡ್ಡುಗಟ್ಟಿದವರು ತೋರುಬೆರಳಿನ ತುದಿಯನ್ನಾದರೂ ಪ್ಯೂಮಿಸ್ ಕಲ್ಲಿನಲ್ಲಿ ಉಜ್ಜಿ ಮೆತ್ತಗಿಟ್ಟುಕೊಳ್ಳಿ. ಆ ಚರ್ಮಕ್ಕೆ ಸೂಕ್ಷ್ಮ ಇರಬೇಕು.

ಖಾಲಿ ಇರುವ ಕೈ ಎಲ್ಲಿರಬೇಕು? 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಟರ್ಕಿಯ ಯೂಸುಫ್ ದಿಕೆಚ್ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತ ಚಿತ್ರವನ್ನು ನೀವೆಲ್ಲ ಫೋನಿನಲ್ಲಿ ನೋಡಿದಿರಿ. ಠೀವಿಗೆ ಹಾಗೆ ನಿಂತರು ಎಂದು ಹಲವರು ತಿಳಿದರು. ಪಿಸ್ತೂಲ್ ಶೂಟರ್‌ಗಳಲ್ಲಿ ಹೆಚ್ಚಿನವರು ಆ ಕೈಯನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸಿಕೊಳ್ಳುತ್ತಾರೆ. ಜೋತುಬಿದ್ದ ಕೈ ತೂಗಾಡಿದರೆ ಭುಜ ಅಲುಗುತ್ತದೆ, ಭುಜ ಅಲುಗಿದರೆ ಹಿಡಿತಕ್ಕೆ ಗೊತ್ತಾಗುತ್ತದೆ. ಆ ಕೂಟದ 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡ ಸ್ಪರ್ಧೆಯಲ್ಲಿ ದಿಕೆಚ್ ಜೋಡಿಗೆ ಬೆಳ್ಳಿ, ನಮ್ಮ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಜೋಡಿಗೆ ಕಂಚು. ಮನು ಅವರ ವಿಡಿಯೋ ಹಾಕಿಕೊಂಡು ಅವರ ಬೆರಳುಗಳನ್ನಷ್ಟೇ ನೋಡುತ್ತಾ ಕೂರಿ. ಪಿಸ್ತೂಲನ್ನು ಮೇಜಿಗೆ ಇಳಿಸಿ, ಎಡಗೈಯಲ್ಲಿ ಪೆಲೆಟ್ ಹಾಕಿ, ಬಲಗೈಯ ಹಿಡಿತ ಬಿಡದೆಯೇ ಮತ್ತೆ ಎತ್ತುವುದನ್ನು ಗಮನಿಸಿ. ಒಮ್ಮೆ ಚೆನ್ನಾಗಿ ಕೂತ ಹಿಡಿತವನ್ನು ಸುಮ್ಮನೆ ಯಾಕೆ ಬಿಡಬೇಕು?

ಬಲಗೈಗೆ ಪೆಟ್ಟಾಗಿದೆ, ಇನ್ನು ಆಗುವುದಿಲ್ಲ ಎಂದು ಒಬ್ಬರು ಈಗಷ್ಟೇ ಬಾಗಿಲ ಬಳಿ ನನ್ನಲ್ಲಿ ಹೇಳಿದರು. ಅವರಿಗಾಗಿ ಹಂಗೇರಿಯ ಕಾರೊಯಿ ತಕಾಚ್ ಕಥೆ ಹೇಳುತ್ತೇನೆ. 1938ರಲ್ಲಿ ಸೇನೆಯ ತರಬೇತಿಯಲ್ಲಿ ಕೈಬಾಂಬು ಸಿಡಿದು ಅವರ ಬಲಗೈ ಹಾಳಾಯಿತು. ಅವರು ಎಡಗೈಯಲ್ಲಿ ಮೊದಲಿನಿಂದ ಕಲಿತರು. 1948ರ ಲಂಡನ್, 1952ರ ಹೆಲ್ಸಿಂಕಿ, ಎರಡೂ ಒಲಿಂಪಿಕ್ಸಿನಲ್ಲಿ 25 ಮೀಟರ್ ರ್‍ಯಾಪಿಡ್ ಫೈರಿನ, ಅಂದರೆ ಬೇಗ ಬೇಗ ಈಡು ಹೊಡೆಯುವ ಸ್ಪರ್ಧೆಯ ಚಿನ್ನ ಅವರದ್ದು. ಎಡಗೈಗೆ ಬೇರೆಯೇ ಹಿಡಿ ಸಿಗುತ್ತದೆ, ಬಲಗೈಯದನ್ನೇ ಹೇಗೋ ಹಿಡಿದು ಒದ್ದಾಡಬೇಡಿ.

ಎರಡು ಕೈಯಲ್ಲಿ ಹಿಡಿಯಬಾರದೇ ಎಂಬ ಪ್ರಶ್ನೆ ಬಂದಿದೆ. ನಾನು ಹೇಳುತ್ತಿರುವ ಒಲಿಂಪಿಕ್ ಬಗೆಯ ಸ್ಪರ್ಧೆಗಳಲ್ಲಿ ಇಲ್ಲ. ಬೇರೆ ಬಗೆಯ ಶೂಟಿಂಗಿನಲ್ಲಿ ಎರಡು ಕೈ ಹಿಡಿತ ಇದೆ. ಅಲ್ಲಿ ಎಡಗೈ ಬೆರಳುಗಳು ಬಲಗೈ ಬೆರಳುಗಳ ಮೇಲೆ ಸುತ್ತಿ, ಎರಡೂ ಹೆಬ್ಬೆರಳು ಒಂದೇ ಬದಿಯಲ್ಲಿ ಮುಂದಕ್ಕೆ ಮಲಗಿರುತ್ತವೆ. ಎಡ ಹೆಬ್ಬೆರಳನ್ನು ಪಿಸ್ತೂಲಿನ ಹಿಂಬದಿಗೆ ದಾಟಿಸಿ ಇಡಬೇಡಿ. ಈಡು ಹಾರಿದಾಗ ಪಿಸ್ತೂಲಿನ ಮೇಲಿನ ಜಾರುವ ಭಾಗ, ಸ್ಲೈಡ್, ಹಿಂದಕ್ಕೆ ಬರುವಾಗ ಬೆರಳು ಕುಯ್ಯುತ್ತದೆ. 25 ಮೀಟರಿನ .22 ಪಿಸ್ತೂಲಿಗೆ, ಅಂದರೆ ಮದ್ದಿನಿಂದ ಗುಂಡು ಹಾರಿಸುವ ಪಿಸ್ತೂಲಿಗೆ ಬರುವವರಿಗೆ, ಅಲ್ಲೂ ಒಂದೇ ಕೈ. ಆದರೆ ಟ್ರಿಗರ್ ತೂಕ ಕನಿಷ್ಠ 1000 ಗ್ರಾಂ, ಒದೆತವೂ ಇದೆ. ಹಿಡಿತ ಏರ್ ಪಿಸ್ತೂಲಿಗಿಂತ ಬಿಗಿ ಇರಬೇಕಾಗುತ್ತದೆ. ಉಳಿದದ್ದೆಲ್ಲ ಇದೇ.

ಕೊನೆಯದಾಗಿ ನೋವಿನ ಬಗ್ಗೆ ಕೇಳಿದಿರಿ. ತೋಳು, ಭುಜ ದಣಿಯುವುದು ಸಹಜ, ಮಲಗಿ ಎದ್ದರೆ ಹೋಗುತ್ತದೆ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಒಳಬದಿಯಲ್ಲಿ ಚುಚ್ಚುವ ನೋವು ಬಂದರೆ, ಬೆರಳು ಜೋಮು ಹಿಡಿದರೆ ಅವತ್ತಿನ ಅಭ್ಯಾಸ ಅಲ್ಲಿಗೆ ನಿಲ್ಲಿಸಿ. ಮರುದಿನ ಸೀಮೆಸುಣ್ಣದ ಪರೀಕ್ಷೆ ಮಾಡಿ ಕೋಚ್‌ಗೆ ಅಂಗೈ ತೋರಿಸಿ. ನೋವು ವಾರ ಕಳೆದರೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಅಭ್ಯಾಸ ಮಾಡುವವರು ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟು, ಪಿಸ್ತೂಲು ಖಾಲಿ ಎಂದು ಎರಡು ಸಲ ನೋಡಿ, ಪೆಲೆಟ್ ಇಲ್ಲದೆ ಟ್ರಿಗರ್ ಎಳೆದು ಅಭ್ಯಾಸ ಮಾಡುವ ಡ್ರೈ ಫೈರ್ ಸ್ಥಿತಿಗೆ ಹಾಕಿ, ಖಾಲಿ ಬಿಳಿ ಗೋಡೆಗೆ ಮುಖಮಾಡಿ ನಿಲ್ಲಿ. ಗೋಡೆಯ ಮೇಲೆ ಗುರಿ ಅಂಟಿಸಬೇಡಿ. ಕಣ್ಣಿಗೆ ಸೈಟು ಮಾತ್ರ ಕಾಣಲಿ, ಟ್ರಿಗರ್ ಬಿದ್ದಾಗ ಅದು ಅಲುಗಿತೇ ಎಂದು ನೋಡಿ. ಹತ್ತು ಸಲ ಆದ ಮೇಲೆ ಪಿಸ್ತೂಲು ಕೆಳಗಿಟ್ಟು, ಕೈ ಕೊಡವಿ, ಹಿಡಿತವನ್ನು ಮತ್ತೆ ಮೊದಲಿನಿಂದ ಕೂರಿಸಿ.